ಬಿಸಿಲು ಕಂಡ ಬಿಯರು, ಸುಳ್ಳು ಹೇಳಿದ ನಾಲಿಗೆ

ನೈರೋಬಿಯ ಕೊರಿಯನ್ ಹೋಟೆಲಿನಲ್ಲಿ ನನ್ನ ಮೊದಲ ದಿನ, ಗಿರಾಕಿಯೊಬ್ಬ ತನ್ನ ಮುಂದಿಟ್ಟ ಬಿಯರ್ ಬಾಟಲಿಯನ್ನು ಮುಟ್ಟಿ ನೋಡಿ ವಾಪಸು ಕಳಿಸಿದ. ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದ ನಾನು, ಸಾಕಷ್ಟು ತಣ್ಣಗಿರಲಿಲ್ಲವೇನೋ ಅಂದುಕೊಂಡೆ. ಮೈಸೂರಿನ ಬಾರುಗಳಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವನು ನಾನು. ಅಲ್ಲಿ ಅರ್ಧ ಜಗಳಗಳು ಶುರುವಾಗುತ್ತಿದ್ದದ್ದೇ ‘ಚಿಲ್ ಇಲ್ಲ’ ಅನ್ನುವ ಮಾತಿನಿಂದ. ಆದರೆ ಬಡಿಸುವ ಕೆಲಸದ ವಾಂಜಿರು ಆ ಬಾಟಲಿಯನ್ನು ತಂದು ಮತ್ತೆ ಫ್ರಿಜ್ಜಿಗಿಟ್ಟಳು. ಮೂಲೆಯ ಕ್ರೇಟಿನಲ್ಲಿ ಧೂಳು ಹಿಡಿದು ಕೂತಿದ್ದ ಇನ್ನೊಂದನ್ನು ಒರೆಸಿಕೊಂಡು ಹೋದಳು. ಆತ ಅದನ್ನು ನೆಮ್ಮದಿಯಾಗಿ ಕುಡಿದ.

ಇಲ್ಲಿ ಬಿಯರ್ ಕೇಳಿದವರಿಗೆ ಮೊದಲು ಹಾಕುವ ಪ್ರಶ್ನೆಯೇ “ಬಾರಿದಿ ಅಮಾ ಮೋಟೊ?” ಬಾರಿದಿ ಅಂದರೆ ತಣ್ಣಗಿನದು, ಮೋಟೊ ಅಂದರೆ ಬಿಸಿ. ಕಾಯಿಸಿದ್ದಲ್ಲ, ಫ್ರಿಜ್ಜಿನಲ್ಲಿಡದೆ ಹಾಗೇ ಇದ್ದದ್ದು. ಹೀಗೂ ಕುಡಿಯುವವರು ಇದ್ದಾರಲ್ಲ ಎಂದು ನಾನು ಬೆರಗಾದೆ. ವಾಂಜಿರು ನನ್ನ ಮುಖ ನೋಡಿ ನಕ್ಕಳು. ತಣ್ಣಗಿದ್ದರೆ ಎಲ್ಲ ಬಿಯರೂ ಒಂದೇ, ಹಾಗೇ ಕುಡಿದರೆ ಅದರ ಬಣ್ಣ ಬಯಲಾಗುತ್ತದೆ ಎಂದು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಅರ್ಥವಾದಷ್ಟು ಇಂಗ್ಲಿಷಿನಲ್ಲಿ ನಾನು ಕೇಳಿಸಿಕೊಂಡೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಇದನ್ನು ಬರೆಯುತ್ತಿರುವುದು ಊರಿನವರು ಕೇಳುತ್ತಲೇ ಇರುವುದರಿಂದ: ಅಲ್ಲಿ ಹೇಗಿದ್ದೀರಿ, ಅಣ್ಣತಮ್ಮ ಒಂದೇ ಊರಲ್ಲಿದ್ದು ಯಾಕೆ ಬೇರೆ ಬೇರೆ ಕಡೆ ಇದ್ದೀರಿ? ಎರಡನೆಯ ಪ್ರಶ್ನೆಗೆ ಬಹಳ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡಬಲ್ಲೆ.

ನಾನು ಬಂದದ್ದು 2013ರಲ್ಲಿ, ಔಷಧಿ ಕಾರ್ಖಾನೆಯೊಂದರ ಗೆಸ್ಟ್‌ಹೌಸಿಗೆ ಅಡುಗೆಯವನಾಗಿ. ಕಾರ್ಖಾನೆಯ ಎಂಜಿನಿಯರುಗಳಲ್ಲಿ ನಾಲ್ಕು ಜನ ನಮ್ಮ ಕಡೆಯವರು, ಸಾರು ಬೇಕು ಅಂದರು, ಕರೆಸಿಕೊಂಡರು. ಪಾರ್ಕ್‌ಲ್ಯಾಂಡ್ಸಿನಲ್ಲಿ ಹಳೆಯ ಗುಜರಾತಿ ಮನೆಯೊಂದರ ಹಿತ್ತಲಲ್ಲಿ ನನಗೊಂದು ಕೋಣೆ ಸಿಕ್ಕಿತು. ಬೆಳಿಗ್ಗೆ ದೇವಸ್ಥಾನದ ಗಂಟೆ ಕೇಳುತ್ತದೆ, ಅದರ ಹಿಂದೆಯೇ ಮಟಾಟುಗಳ ಹಾರ್ನು. ಮಟಾಟು ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್, ಹಾಡು ಮಾತ್ರ ಹತ್ತು ಪಟ್ಟು ಜೋರು. ಹವೆ ಥೇಟ್ ಮೈಸೂರಿನದು. ಅದೇ ಮೋಸ ಮಾಡಿದ್ದು. ಮೈಗೆ ಊರು ಬದಲಾದದ್ದು ಗೊತ್ತಾಗುವುದಿಲ್ಲ, ಬಾಗಿಲು ತೆರೆದು ಆಚೆ ಬಂದರೆ ಮಾತಾಡಲು ಒಬ್ಬರೂ ಇಲ್ಲ. ಉಗಾಲಿ ನೋಡಿ ಮುದ್ದೆ ಅಂದುಕೊಂಡು ನುಂಗಿದೆ. ಅದು ಮುಸುಕಿನ ಜೋಳದ ಹಿಟ್ಟಿನದು, ಅಗಿಯಬೇಕು. ಗಂಟಲಲ್ಲಿ ನಿಂತಿತು. ಪಕ್ಕದಲ್ಲಿ ಕೂತಿದ್ದವನು ನೀರು ಕೊಟ್ಟು “ಪೋಲೆ” ಅಂದ.

ಪೋಲೆ ಎನ್ನುವುದು ಇಲ್ಲಿ ನಾನು ಕಲಿತ ಮೊದಲ ಒಳ್ಳೆಯ ಮಾತು. ನೀವು ಎಡವಿದರೆ ಯಾರೋ ಪೋಲೆ ಅನ್ನುತ್ತಾರೆ. ಕೆಮ್ಮಿದರೆ, ಬಸ್ಸು ತಪ್ಪಿದರೆ, ಮಳೆಗೆ ನೆಂದರೆ ಪೋಲೆ. ತಪ್ಪು ಅವರದಲ್ಲ, ನಿಮಗೆ ಕಷ್ಟವಾಯಿತಲ್ಲ ಎಂಬುದಕ್ಕೆ ಒಂದು ಮಾತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ನನಗೆ ಗೊತ್ತಿಲ್ಲ. ‘ಅಯ್ಯೋ ಪಾಪ’ ಅನ್ನಬಹುದು, ಆದರೆ ಅದರಲ್ಲಿ ಅನ್ನುವವನು ಸ್ವಲ್ಪ ಎತ್ತರದಲ್ಲಿ ನಿಂತಿರುತ್ತಾನೆ.

ಎರಡು ವರ್ಷಕ್ಕೆ ಗೆಸ್ಟ್‌ಹೌಸ್ ಮುಚ್ಚಿತು. ಎಂಜಿನಿಯರೊಬ್ಬರು ನನ್ನನ್ನು ರಿವರ್‌ಸೈಡಿನ ಕೊರಿಯನ್ ಹೋಟೆಲಿಗೆ ಸೇರಿಸಿದರು. ಯಜಮಾನಿ ಐವತ್ತು ದಾಟಿದ ಕೊರಿಯಾದ ಹೆಂಗಸು. ನಾವೆಲ್ಲ ಅವರನ್ನು ‘ಸಾಜಾಂಗ್‌ನಿಮ್’ ಅನ್ನುತ್ತಿದ್ದೆವು, ಅವರ ಭಾಷೆಯಲ್ಲಿ ‘ಯಜಮಾನರೇ’ ಅಂದಹಾಗೆ. ಎಲೆಕೋಸಿಗೆ ಉಪ್ಪು ಖಾರ ಹಚ್ಚಿ ಹುಳಿ ಬರಿಸುವುದನ್ನು ಅವರು ಕಲಿಸಿದರು. ಉಪ್ಪಿನಕಾಯಿ ಹಾಕಿ ಪಳಗಿದ ಕೈಗೆ ಅದೇನೂ ಕಷ್ಟವಾಗಲಿಲ್ಲ.

ಅವರು ಚರ್ಚಿಗೆ ಹೋಗುವವರು, ಬಿಯರು ಬಾಯಿಗೆ ಇಟ್ಟವರಲ್ಲ. ಆದರೆ ಬರುವವರಿಗೆ ಊಟದ ಜೊತೆ ತಮ್ಮ ದೇಶದ ಬಿಯರೇ ಬೇಕು. ಹಡಗಿನಲ್ಲಿ ಮೊಂಬಾಸಾಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬರುತ್ತಿದ್ದ ಮೂರು ಬಗೆಯನ್ನು ಅವರು ತರಿಸುತ್ತಿದ್ದರು. ಒಂದು ದಿನ ಮೂರನ್ನೂ ನನ್ನ ಮುಂದಿಟ್ಟು, ನೀನು ಸಾರಿನಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಹೇಳುತ್ತೀಯ, ಇವುಗಳಲ್ಲಿ ಯಾವುದು ಹೇಗಿದೆ ಹೇಳು ಅಂದರು. ಡಬ್ಬಿಯ ಮೇಲಿನ ಅಕ್ಷರ ನನಗೆ ಬಾರದು, ಬಣ್ಣದಿಂದಲೇ ಗುರುತಿಟ್ಟುಕೊಂಡೆ. ವಾಂಜಿರು ಹೇಳಿದ್ದು ನೆನಪಾಗಿ ಮೂರನ್ನೂ ಅರ್ಧ ಗಂಟೆ ಆಚೆ ಇಟ್ಟು ಆಮೇಲೆ ರುಚಿ ನೋಡಿದೆ.

ನೀಲಿ ಡಬ್ಬಿಯದು ತಣ್ಣಗಿದ್ದಾಗ ಚುರುಕು, ಗ್ಯಾಸು ಜಾಸ್ತಿ, ಖಾರದ ಮಾಂಸದ ಜೊತೆ ಬಾಯಿ ತೊಳೆದಂತೆ ಇಳಿಯುತ್ತದೆ. ಬೆಚ್ಚಗಾದರೆ ಮುಚ್ಚಳ ತೆಗೆದಿಟ್ಟ ಸೋಡಾ. ಕಂದು ಬಾಟಲಿಯದಕ್ಕೆ ಸ್ವಲ್ಪ ಕಹಿಯಿದೆ, ಹಿಂದೆಯೇ ಬೇಯಿಸಿದ ಮುಸುಕಿನ ಜೋಳದ ವಾಸನೆ. ಚಿನ್ನದ ಬಣ್ಣದ್ದು ಬಾರ್ಲಿಯೊಂದರಿಂದಲೇ ಮಾಡಿದ್ದಂತೆ. ಹುರಿದ ಕಾಳಿನ ಪರಿಮಳ, ನೊರೆ ಗ್ಲಾಸಿನ ಅಂಚಿಗೆ ಅಂಟಿಕೊಂಡೇ ಇಳಿಯುತ್ತದೆ, ಬೆಚ್ಚಗಾದರೂ ಗುಣ ಬಿಡುವುದಿಲ್ಲ. ಕೊರಿಯಾದ ಗಿರಾಕಿಗಳೇ ನೀಲಿಯನ್ನು ನೀರು ಎಂದು ಹಾಸ್ಯ ಮಾಡುತ್ತಿದ್ದರು, ಆದರೆ ಕೇಳುತ್ತಿದ್ದದ್ದು ಅದನ್ನೇ. ಊರು ಬಿಟ್ಟವರಿಗೆ ಒಳ್ಳೆಯದಕ್ಕಿಂತ ಗೊತ್ತಿರುವುದೇ ಬೇಕಾಗುತ್ತದೆ ಎಂದು ನನಗೆ ಆಗ ತಿಳಿಯಿತು. ಯಾವ ಊಟಕ್ಕೆ ಯಾವುದು ಎಂದು ನಾನು ಹೇಳಿದ ಪ್ರಕಾರವೇ ಸಾಜಾಂಗ್‌ನಿಮ್ ಹೊಸ ಮೆನು ಮಾಡಿಸಿದರು. ಶಾಲೆಯಲ್ಲಿ ಒಮ್ಮೆಯೂ ಶಹಭಾಸ್ ಅನ್ನಿಸಿಕೊಳ್ಳದವನ ಮಾತು ಅಚ್ಚಾಗಿ ಮೇಜಿನ ಮೇಲೆ ಕೂತಿತು. ಬಿಯರಿನ ವಿಷಯದಲ್ಲಿ ಅಲ್ಲಿ ನನ್ನ ನಾಲಿಗೆಯೇ ತೀರ್ಪು.

ಆ ಧೈರ್ಯದಲ್ಲಿ ತಮ್ಮ ಮಂಜನನ್ನು ಕರೆಸಿಕೊಂಡೆ. ಮೈಸೂರಿನಲ್ಲಿ ಅವನೂ ಬಾರಿನ ಕೌಂಟರಿನಲ್ಲಿದ್ದವನು, ನನಗಿಂತ ಎಂಟು ವರ್ಷ ಚಿಕ್ಕವನು. ಬಿಯರು ಸುರಿದು ಕೊಡುವುದು, ಗ್ಲಾಸು ತೊಳೆದು ಒರೆಸಿಡುವುದು ಅವನ ಕೆಲಸವಾಯಿತು. ಇಬ್ಬರೂ ಪಾರ್ಕ್‌ಲ್ಯಾಂಡ್ಸಿನ ಕೋಣೆಯಲ್ಲಿ ಒಟ್ಟಿಗಿದ್ದೆವು. ಅವನು ಬಂದಮೇಲೆ ಆ ಕೋಣೆಯಲ್ಲಿ ಕನ್ನಡ ಕೇಳಿಸಿತು. ಅದಕ್ಕೂ ಮುಂಚೆ ನಾನು ಕುಕ್ಕರಿನ ಜೊತೆ ಮಾತಾಡುತ್ತಿದ್ದೆ.

ಇನ್ನು ನನ್ನ ತಪ್ಪು. ಹೊಸ ಸರಕು ಬಂದಾಗ ಅದನ್ನು ತಂಪಿನ ಕೋಣೆಗೆ ಸಾಗಿಸುವುದು ನನ್ನ ಜವಾಬ್ದಾರಿ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಎಲೆಕೋಸು ಅತಿಯಾಗಿ ತಂದು ಆ ಕೋಣೆ ತುಂಬಿಸಿಬಿಟ್ಟಿದ್ದೆ. ನೀಲಿ ಡಬ್ಬಿಯ ಪೆಟ್ಟಿಗೆಗಳನ್ನು ಹಿತ್ತಲಿನ ತಗಡಿನ ಗೋಡೆಗೆ ಒರಗಿಸಿ, ಟಾರ್ಪಾಲು ಹೊದಿಸಿ, ನಾಳೆ ಒಳಗಿಡೋಣ ಅಂದುಕೊಂಡೆ. ಆ ನಾಳೆ ಮೂರು ವಾರವಾಯಿತು. ಮಧ್ಯಾಹ್ನದ ಬಿಸಿಲೆಲ್ಲ ಆ ತಗಡಿಗೇ. ಆಮೇಲೆ ಸದ್ದಿಲ್ಲದೆ ಒಳಗೆ ಸಾಗಿಸಿದೆ. ಡಬ್ಬಿಯ ಹೊರಗೆ ಏನೂ ಕಾಣುವುದಿಲ್ಲವಲ್ಲ.

ಗಿರಾಕಿಗಳು ಬಿಯರಿನಲ್ಲಿ ನೆಂದ ಕಾಗದದ ವಾಸನೆ ಅಂದರು. ಸಾಜಾಂಗ್‌ನಿಮ್‌ಗೆ ಅನುಮಾನ ಬಂದದ್ದು ಗ್ಲಾಸಿನ ಮೇಲೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಂಥದೇ ವಾಸನೆ ಬರುತ್ತದೆ. ಅವರು ತಾವೇ ಒಂದು ಗ್ಲಾಸು ತೊಳೆದು ಬಲಕ್ಕೆ, ಮಂಜ ತೊಳೆದದ್ದನ್ನು ಎಡಕ್ಕೆ ಇಟ್ಟು, ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿದರು. ನನ್ನನ್ನು ಕರೆದರು.

ಮಂಜ ಕೈಕಟ್ಟಿ ನಿಂತಿದ್ದ, ಮುಖದಲ್ಲಿ ಭಯವಿರಲಿಲ್ಲ. “ನೀನೇ ನೋಡಿ ಹೇಳು ಅಣ್ಣ,” ಅಂದ.

ಎರಡರಲ್ಲೂ ವಾಸನೆ ಇತ್ತು. ಎರಡರಲ್ಲೂ ಒಂದೇ ಸಮ. ಕೆಟ್ಟಿದ್ದು ಬಿಯರು. ಹಾಗೆಂದರೆ ಮುಂದಿನ ಪ್ರಶ್ನೆ ಪೆಟ್ಟಿಗೆ ಎಲ್ಲಿತ್ತು ಎಂಬುದು. ನನ್ನ ಪರ್ಮಿಟ್ ಮುಂದುವರಿಸುವ ಕಾಗದಕ್ಕೆ ಸಾಜಾಂಗ್‌ನಿಮ್ ಆ ತಿಂಗಳೇ ಸಹಿ ಹಾಕಬೇಕಿತ್ತು. ನಾನು ಎಡಗಡೆಯ ಗ್ಲಾಸನ್ನು ತೋರಿಸಿದೆ. ಇದರಲ್ಲಿ ಮಾತ್ರ, ಅಂದೆ.

ಅವರು ಬಯ್ಯಲಿಲ್ಲ. ಮಂಜನನ್ನು ಕೌಂಟರಿನಿಂದ ತೆಗೆದು ಇದ್ದಿಲ ಒಲೆಗಳನ್ನು ಉಜ್ಜುವ ಕೆಲಸಕ್ಕೆ ಹಾಕಿದರು. ಮೈಸೂರಿನಲ್ಲಿ ಕೌಂಟರಿನವನೆಂದು ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದವನು ಹತ್ತು ದಿನ ಮಸಿ ಉಜ್ಜಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೆ ಊರಿನ ಇನ್ನೊಂದು ತುದಿಯ ಕಸರಾನಿಯಲ್ಲಿ, ಸ್ಟೇಡಿಯಮ್ಮಿನ ಹತ್ತಿರ, ಗುಜರಾತಿಯೊಬ್ಬರ ಹೋಟೆಲಿನಲ್ಲಿ ಕೆಲಸ ಹುಡುಕಿಕೊಂಡು ಹೋದ. ಉಳಿದ ಡಬ್ಬಿಗಳನ್ನು ನಾನು ದಿನಕ್ಕಿಷ್ಟು ಎಂದು ಮೋರಿಗೆ ಸುರಿದೆ. ವಾಸನೆ ನಿಂತಿತು. ಹಾಗಾಗಿ ತಪ್ಪು ಗ್ಲಾಸಿನದೇ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಏಳು ತಿಂಗಳು ಹೀಗೆ ಕಳೆಯಿತು. ಪರ್ಮಿಟ್ ಬಂತು. ಮಟಾಟುವಿನಲ್ಲಿ ಕಾಲು ತುಳಿಸಿಕೊಂಡವರಿಗೆ ಪೋಲೆ ಅಂದೆ, ಗಂಡ ಬಿಟ್ಟುಹೋದ ವಾಂಜಿರುಗೆ ಪೋಲೆ ಅಂದೆ. ಅನ್ನಬೇಕಾದವನಿಗೆ ಪೋಲೆ ಸಾಲುವುದಿಲ್ಲ, ‘ತಪ್ಪಾಯ್ತು’ ಅನ್ನಬೇಕು. ಅದು ಮಾತ್ರ ಬಾಯಿಗೆ ಬರಲಿಲ್ಲ. ಊರಿಗೆ ಫೋನು ಮಾಡಿದಾಗ ಮಂಜನಿಗೆ ಅಲ್ಲೇ ಅನುಕೂಲವಂತೆ ಅನ್ನುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮೂರು ಬಣ್ಣದ ಬಿಯರನ್ನೂ ಚೀಲಕ್ಕೆ ಹಾಕಿಕೊಂಡು ಕಸರಾನಿಗೆ ಹೋದೆ. ಹೇಳಲೆಂದು ಹೋಗಲಿಲ್ಲ, ಸುಮ್ಮನೆ ನೋಡಿ ಬರೋಣವೆಂದು. ಅವನ ಕೋಣೆಯಲ್ಲಿ ಫ್ರಿಜ್ಜಿಲ್ಲ, ಮೂರನ್ನೂ ಕಿಟಕಿಯ ಪಕ್ಕ ಇಟ್ಟೆವು. ಕುಡಿಯಲು ನೀರು ಕೇಳಿದೆ. ಅವನು ಸ್ಟೀಲ್ ಲೋಟವನ್ನು ತೊಳೆದ. ಮತ್ತೆ ತೊಳೆದ. ಮೂರನೇ ಸಲ ಬಿಸಿನೀರು ಹಾಕಿ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಮೂಗಿಟ್ಟು ಮೂಸಿ ನೋಡಿ, ಆಮೇಲೆ ನನಗೆ ನೀರು ಕೊಟ್ಟ. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಕೈ ತಾನಾಗಿ ಮಾಡುತ್ತಿತ್ತು. ನಾನು ಲೋಟ ಕೆಳಗಿಟ್ಟೆ.

“ಮಂಜ, ಅವತ್ತು ಎರಡು ಗ್ಲಾಸಲ್ಲೂ ವಾಸ್ನೆ ಇತ್ತು ಕಣೋ. ಬಿಯರೇ ಕೆಟ್ಟಿತ್ತು. ಪೆಟ್ಟಿಗೆನ ಬಿಸ್ಲಲ್ಲಿ ಬಿಟ್ಟವ್ನು ನಾನು. ತಪ್ಪಾಯ್ತು.”

ಅವನು ನಾನು ಕೆಳಗಿಟ್ಟ ಲೋಟವನ್ನು ಎತ್ತಿಕೊಂಡ.

“ಅಂದ್ರೆ ನನ್ ಗ್ಲಾಸು ಕ್ಲೀನಾಗಿತ್ತು.”

“ಕ್ಲೀನಾಗಿತ್ತು.”

“ನಾನೇ ಎಲ್ಲೋ ಸರಿಯಾಗಿ ತೊಳ್ದಿಲ್ಲ ಅನ್ಕೊಂಡ್‌ಬಿಟ್ಟಿದ್ದೆ ಅಣ್ಣ. ನಿನ್ ನಾಲ್ಗೆ ಸುಳ್ಳು ಹೇಳಲ್ವಲ್ಲ. ಇಲ್ಲಿ ಹೋಟ್ಲಲ್ಲಿ ನಂಗೆ ಬ್ವಾನಾ ಸಬುನಿ ಅಂತಾರೆ.”

ಸಬುನಿ ಅಂದರೆ ಸಾಬೂನೇ, ಬ್ವಾನಾ ಅಂದರೆ ಸ್ವಾಮಿ. ಸೋಪಿನ ಸ್ವಾಮಿಗಳು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಒಂದು ಗಂಟೆಯಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು, ಆದರೆ ಬೀಗದಕೈ ಎಲ್ಲಿದೆಯೋ ಗೊತ್ತಿರಲಿಲ್ಲ, ಬಾಗಿಲು ತೆರೆದಿಟ್ಟು ಹೋಗುವಂತಿಲ್ಲ. ಕೂತೆ. ಬರುವಾಗ ಅವನ ಕೈಯಲ್ಲಿ ಸುಟ್ಟ ಜೋಳದ ತೆನೆ ಎರಡಿದ್ದವು, ನಿಂಬೆರಸ ಖಾರ ಸವರಿದ್ದು.

“ಕೋಪ ಐತೆ. ಸುಮಾರು ದಿನ ಇರ್ತದೆ,” ಅಂದ. ತೆನೆಯೊಂದನ್ನು ನನ್ನ ಕಡೆ ಚಾಚಿದ. “ಏಳು ತಿಂಗ್ಳು ಇದನ್ನ ಹೊಟ್ಟೇಲಿ ಇಟ್ಕೊಂಡು ಹೆಂಗೆ ಊಟ ಮಾಡ್ದೆ? ಪೋಲೆ ಅಣ್ಣ.”

ನಾನು ಅತ್ತೆ. ಅವನು ನೋಡದವನಂತೆ ಬಿಯರುಗಳನ್ನು ತೆರೆದ. ಕಿಟಕಿಯ ಪಕ್ಕ ಕೂತು ಮೂರೂ ಬೆಚ್ಚಗಾಗಿದ್ದವು. ಮೊದಲು ಚಿನ್ನದ ಬಣ್ಣದ್ದು ಕುಡಿದು ತಲೆಯಾಡಿಸಿದ, ಆಮೇಲೆ ಕಂದು, ಕೊನೆಗೆ ನೀಲಿ. ನೀಲಿಯನ್ನು ಬಾಯಲ್ಲಿ ಹಿಡಿದು ನುಂಗಿ, ಡಬ್ಬಿಯನ್ನೇ ತಿರುಗಿಸಿ ತಿರುಗಿಸಿ ನೋಡಿದ.

“ಇದೇ ಅಲ್ವಾ ಅವತ್ತಿಂದು?”

ಹೌದೆಂದೆ.

“ಈ ನೀರಿಗೋಸ್ಕರ ನನ್ ಮೇಲೆ ಹಾಕ್ದಾ? ಒಳ್ಳೇ ಬಿಯರಿಗಾದ್ರೂ ಹಾಕ್ಬಾರ್ದಾಗಿತ್ತಾ?”

ಅಲ್ಲಿಂದ ನಗು ಹತ್ತಿತು. ಕೆಳಗಿನ ಮನೆಯವರು ಮೇಲೆ ಬಂದು ಸಮಾಚಾರ ಕೇಳಿ ಹೋಗುವಷ್ಟು ನಕ್ಕೆವು.

ಮಾರನೆಯ ದಿನ ಸಾಜಾಂಗ್‌ನಿಮ್‌ಗೆ ಹೇಳಿದೆ. ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿ, ತಗಡಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಕೈಯಲ್ಲಿ ತೋರಿಸಿ. ಕೆಲಸ ಹೋಗುತ್ತದೆ ಎಂದೇ ತಿಳಿದು ಬಟ್ಟೆಬರೆ ಕಟ್ಟಿಟ್ಟು ಬಂದಿದ್ದೆ. ಅವರು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಆಮೇಲೆ ಕೌಂಟರಿನಿಂದ ಗ್ಲಾಸು ಒರೆಸುವ ಬಟ್ಟೆ ತಂದು ನನ್ನ ಕೈಗಿಟ್ಟರು. ಅಡುಗೆಯ ಜೊತೆಗೆ ಮೂರು ತಿಂಗಳು ಗ್ಲಾಸು ತೊಳೆಯುವುದೂ ನನ್ನದೇ, ಬಿಯರಿನ ವಿಷಯದಲ್ಲಿ ನನ್ನ ಮಾತು ಕೇಳುವುದಿಲ್ಲ, ಇಷ್ಟೇ. ಅಷ್ಟು ಹಗುರವಾದ ಮನಸ್ಸಿನಿಂದ ನಾನು ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ರಾತ್ರಿ ಮಲಗಿದರೆ ನಿದ್ದೆ ಬರುತ್ತಿತ್ತು. ಸಾರಿಗೆ ಉಪ್ಪು ಸರಿಯಾಗಿ ಬೀಳತೊಡಗಿತು.

ಮಂಜನನ್ನೂ ಅವರು ಕರೆಸಿದರು. ಬಂದವನ ಮುಂದೆ ಸೊಂಟ ಬಗ್ಗಿಸಿ ತಲೆತಗ್ಗಿಸಿ ನಿಂತರು. ಕೊರಿಯಾದವರು ಕ್ಷಮೆ ಕೇಳುವುದು ಹಾಗೆ. ಮಂಜ ಅವರದೇನೋ ಕೆಳಗೆ ಬಿತ್ತೆಂದುಕೊಂಡು ತಾನೂ ಬಗ್ಗಿ ನೆಲವೆಲ್ಲ ಹುಡುಕಿದ. ವಾಂಜಿರು ಅಡುಗೆಮನೆಗೆ ಓಡಿಬಂದು ಬಾಯಿಗೆ ಬಟ್ಟೆ ತುರುಕಿಕೊಂಡಳು. ಕೌಂಟರಿಗೆ ವಾಪಸು ಬಾ ಎಂದು ಕರೆದದ್ದಕ್ಕೆ ಅವನು ಬರಲಿಲ್ಲ. ಕಸರಾನಿಯಲ್ಲಿ ಅವನದೇ ಕೌಂಟರಿತ್ತು, ಹೆಸರಿತ್ತು. ಆದ್ದರಿಂದ ಇಬ್ಬರೂ ಒಂದೇ ಊರಿನಲ್ಲಿ ಬೇರೆ ಬೇರೆ ಕಡೆ ಇದ್ದೇವೆ. ಭಾನುವಾರ ಒಬ್ಬರ ಹತ್ತಿರ ಒಬ್ಬರು ಹೋಗುತ್ತೇವೆ. ಇದೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ.

ಹೋದ ವರ್ಷ ರಜೆಗೆ ಇಬ್ಬರೂ ಒಟ್ಟಿಗೆ ಮೈಸೂರಿಗೆ ಬಂದಿದ್ದೆವು. ಮಂಡಿ ಮೊಹಲ್ಲಾದ ಕಡೆ ಒಂದು ಹಳೆಯ ಬಾರಿಗೆ ಹೋದೆವು. ಸಪ್ಲೈಯರ್ ತಂದಿಟ್ಟ ಬಾಟಲಿಯ ಮೇಲೆ ಮಂಜುಗಡ್ಡೆಯ ಪುಡಿ ಕೂತಿತ್ತು. ಯೋಚನೆಯೇ ಇಲ್ಲದೆ ನನ್ನ ಕೈ ಅದನ್ನು ಮುಟ್ಟಿ ಹಿಂದಕ್ಕೆ ತಳ್ಳಿತು. ಫ್ರಿಜ್ಜಿನಲ್ಲಿಡದ್ದು ಇದ್ದರೆ ಕೊಡಪ್ಪ, ಅಂದೆ. ನೈರೋಬಿಯಲ್ಲಿ ನಾನು ಆ ಮೊದಲ ಗಿರಾಕಿಯನ್ನು ನೋಡಿದ ಹಾಗೆಯೇ ಅವನು ನನ್ನನ್ನು ನೋಡಿದ.

“ಯಾವೂರು ಸಾರ್ ನಿಮ್ದು?”

“ನೈರೋಬಿ,” ಅಂದೆ ನಾನು. “ಇಲ್ಲೇ, ಮೈಸೂರೇ,” ಅಂದ ಮಂಜ. ಎರಡೂ ಒಟ್ಟಿಗೇ ಹೊರಟವು. ಸಪ್ಲೈಯರ್ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿ, ತಲೆ ಕೆರೆದುಕೊಂಡು ಹೋಗಿ, ಹೊರಗಿದ್ದ ಬಾಟಲಿಯೊಂದನ್ನು ತಂದಿಟ್ಟು ಹೋದ.

ಅವನು ಇಟ್ಟುಹೋದ ಗ್ಲಾಸುಗಳ ಅಂಚಿನಲ್ಲಿ ನೀರಿನ ಕಲೆ ಇನ್ನೂ ಒಣಗಿರಲಿಲ್ಲ. ಮಂಜ ತನ್ನದನ್ನು ಎತ್ತಿ ಬೆಳಕಿಗೆ ಹಿಡಿಯಲು ಹೋದ, ಅರ್ಧಕ್ಕೆ ಕೈ ನಿಂತಿತು. ನನ್ನ ಕಡೆ ನೋಡಿದ. ಗ್ಲಾಸಿನೊಳಗೆ ನೋಡದೆಯೇ ಕೆಳಗಿಟ್ಟ.

“ಸುರಿ ಅಣ್ಣ,” ಅಂದ.