ಅಮಲ್ದಾರನ ಮದುವೆ

ಸೌದಿಯ ಅಲ್ ಖೋಬರಿನ ನಮ್ಮ ಕೋಣೆಯಲ್ಲಿ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮೊಬೈಲಿನಲ್ಲಿ ಹಳೆಯ ಹಾಲಿವುಡ್ ಚಿತ್ರ ಹಾಕುತ್ತಿದ್ದೆ. ಕಪ್ಪು ಬಿಳುಪಿನವು, ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದವು. ಹೆಚ್ಚಿನವುಗಳ ಕತೆ ಒಂದೇ. ಬಾಡಿಗೆ ಕೋಟು ತೊಟ್ಟವನು ಸಾಹುಕಾರನೆಂದು ಹೇಳಿಕೊಂಡು ಹುಡುಗಿಯ ಮನಸ್ಸು ಗೆಲ್ಲುತ್ತಾನೆ. ಗುಟ್ಟು ರಟ್ಟಾಗುತ್ತದೆ, ಅವಳು ಸಿಟ್ಟಾಗಿ ರೈಲು ಹತ್ತುತ್ತಾಳೆ, ಮುಂದಿನ ಸ್ಟೇಷನ್ ಬರುವುದರೊಳಗೆ ನಕ್ಕುಬಿಡುತ್ತಾಳೆ. ನನ್ನ ಕೋಣೆಯ ಗೆಳೆಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ; ನಾನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ಇಬ್ಬರೂ ಸುಳ್ಳು ಹೇಳುವವನ ಪಕ್ಷ. ಈಗ ಅದನ್ನು ನೆನೆದರೆ ನನಗೆ ನನ್ನ ಮೇಲೆಯೇ ಮೈ ಉರಿಯುತ್ತದೆ.

ಅವನು ಬಂಟ್ವಾಳ ಕಡೆಯ ಬ್ಯಾರಿ, ನಾನು ಉಡುಪಿಯವನು. ಒಂದೇ ಕಂಪನಿ. ನಾನು ಆಫೀಸಿನಲ್ಲಿ ಕೆಲಸಗಾರರ ಇಕಾಮಾದ, ಅಂದರೆ ಅಲ್ಲಿರಲು ಕೊಡುವ ಪರವಾನಗಿಯ, ಕಾಗದಪತ್ರ ನೋಡುವವನು, ಅವನು ಗೋದಾಮಿನಲ್ಲಿ ಲಾರಿಯಿಂದ ಪೈಪು ಇಳಿಸುವವನು. ಊರಿನಲ್ಲಿ ಹೆಣ್ಣು ನೋಡುವಾಗ ಅವನ ಮನೆಯವರು ಹುಡುಗ ಸೂಪರ್‌ವೈಸರ್ ಎಂದುಬಿಟ್ಟಿದ್ದರು. ಹುಡುಗಿಯ ತಂದೆ ನಿವೃತ್ತ ಕನ್ನಡ ಮಾಸ್ಟ್ರು, ಗಲ್ಫ್ ಅಳಿಯಂದಿರ ಕತೆ ಕೇಳಿ ಹುಷಾರಾದವರು. ಇಕಾಮಾ ಕಾರ್ಡಿನ ಫೋಟೊ ಕೇಳಿದರು.

ಕಾರ್ಡಿನಲ್ಲಿ ಉದ್ಯೋಗ ಅರಬ್ಬಿಯಲ್ಲಿರುತ್ತದೆ. ಕುರ್‌ಆನಿನ ಅಕ್ಷರಗಳಿಗೆ ಸ್ವರಚಿಹ್ನೆ ಇರುತ್ತದೆ, ಕಾರ್ಡಿನ ಅಕ್ಷರಗಳಿಗೆ ಇಲ್ಲ. ಚಿಕ್ಕಂದಿನಿಂದ ಕುರ್‌ಆನ್ ಓದಿದ ನನ್ನ ಗೆಳೆಯನಿಗೇ ಕಾರ್ಡು ಓದಲು ಬಾರದು, ಇನ್ನು ಮಾಸ್ಟ್ರಿಗೆ ಎಲ್ಲಿಂದ ಎಂದು ಧೈರ್ಯವಾಗಿ ಕಳಿಸಿದೆವು. ಹುಡುಗಿ ಮದ್ರಸದಲ್ಲಿ ಪಾಠ ಹೇಳುವವಳೆಂಬುದು ನಮ್ಮ ತಲೆಗೇ ಬರಲಿಲ್ಲ.

ಮರುದಿನ ಮಾಸ್ಟ್ರ ಫೋನು ಬಂತು. ಗೆಳೆಯ ಸ್ಪೀಕರ್ ಹಾಕಿದ.

“ಮಗಳು ಓದಿದ್ಲು. ಆಮಿಲ್ ಅಂತ ಉಂಟಂತೆ. ಕಿತಾಬಿನಲ್ಲಿ ಅಮಲ್ ಅಂದ್ರೆ ಸತ್ಕರ್ಮ. ಇದು ಎಂತ ಹುದ್ದೆ ಮಾರಾಯ್ರೇ?”

ಇಲ್ಲಿ ಆಮಿಲ್ ಎಂದರೆ ಕೂಲಿಯಾಳು. ಗೆಳೆಯ ನನ್ನತ್ತ ತಿರುಗಿದ. ನಾನು ಫೋನು ಕಸಿದುಕೊಂಡೆ.

“ಮಾಸ್ಟ್ರೇ, ನಾನು ಇವನ ಆಫೀಸಿನವ. ಮೈಸೂರು ಸೀಮೆಯಲ್ಲಿ ಹಿಂದೆ ಅಮಲ್ದಾರರು ಅಂತ ಇದ್ರಲ್ಲ, ತಹಶೀಲ್ದಾರರ ಹಾಗೆ? ಅದೇ ಶಬ್ದ ಇದು. ನಾಲ್ಕು ಜನರ ಮೇಲೆ ಅಧಿಕಾರ ಇರುವವ.”

“ಹೌದಲ್ಲ! ಅಮಲ್ದಾರ! ಶಬ್ದ ಎಲ್ಲಿಂದ ಎಲ್ಲಿಗೆ ಹೋಗ್ತದೆ ನೋಡಿ!” ಮಾಸ್ಟ್ರಿಗೆ ಖುಷಿಯೋ ಖುಷಿ.

ಎರಡೂ ಶಬ್ದಗಳ ಮೂಲ ನಿಜಕ್ಕೂ ಒಂದೇ. ಅದಕ್ಕೇ ಸುಳ್ಳು ಅಷ್ಟು ಚೆನ್ನಾಗಿ ಕೂತಿತು. ಫೋನು ಇಟ್ಟು ಇಬ್ಬರೂ ಹಾಸಿಗೆಯ ಮೇಲೆ ಹೊರಳಾಡಿ ನಕ್ಕೆವು. ಎಂಥ ಜಾಣ ನಾನು ಎಂದು ಬೀಗಿದೆ.

ಮದುವೆಯಾಯಿತು. ಒಂದು ತಿಂಗಳ ರಜೆ ಮುಗಿಸಿ ಗೆಳೆಯ ವಾಪಸು ಬಂದ. ಹೆಂಡತಿಯೆಂದರೆ ಅವನಿಗೆ ಜೀವ. ಅವಳು ಮದ್ರಸದ ಕೆಲಸ ಬಿಟ್ಟು ಇಲ್ಲಿಗೆ ಬರಲು ಕಾದು ಕೂತಳು. ಆಮಿಲ್ ಎಂದು ಬರೆದ ಇಕಾಮಾದ ಮೇಲೆ ಹೆಂಡತಿಯನ್ನು ಕರೆಸಿ ಇರಿಸಿಕೊಳ್ಳಲು ಬಿಡುವುದಿಲ್ಲ. ದಿನಾ ಅದೇ ಕಾಗದ ನೋಡುವ ನನಗೆ ಇದು ಮೊದಲೇ ಗೊತ್ತಿತ್ತು, ಫೋನು ಕಸಿದುಕೊಂಡ ದಿನವೂ ಗೊತ್ತಿತ್ತು.

“ಅವಳಿಗೆ ಹೇಳಿಬಿಡುವಾ?” ಎಂದು ಗೆಳೆಯ ಕೇಳಿದ್ದ. “ಸ್ವಲ್ಪ ತಡೆ ಮಾರಾಯ, ಕಾರ್ಡಿನಲ್ಲಿ ಉದ್ಯೋಗ ಬದಲಾಯಿಸುವ” ಎಂದು ತಡೆದವನು ನಾನೇ. ಕಂಪನಿ ಒಪ್ಪಲಿಲ್ಲ. ನಾವು ಒಂದರ ಮೇಲೊಂದು ನೆಪ ಹೇಳುತ್ತ ಹೋದೆವು. ಸಿನಿಮಾದ ಸುಳ್ಳಿಗೆ ಒಂದೂವರೆ ಗಂಟೆಯ ಆಯುಷ್ಯ. ನಮ್ಮದು ಎರಡು ವರ್ಷ ಬದುಕಿತು.

ಕೊನೆಗೆ ಅವಳೇ ವೀಸಾದ ನಿಯಮ ಹುಡುಕಿ ಓದಿಕೊಂಡಳು. ಗಂಡನ ಫೋನು ಎತ್ತುವುದನ್ನು ನಿಲ್ಲಿಸಿದಳು. ಒಂದು ಶುಕ್ರವಾರ ನನಗೆ ಫೋನು ಮಾಡಿದಳು.

“ಅಣ್ಣ, ಕೂಲಿ ಅಂತ ಹೇಳಿದ್ರೂ ನಾನು ಒಪ್ತಿದ್ದೆ. ಬಾಪನ ಸಂಬಳ ಸಾಲದೆ ನಮ್ಮ ಉಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು. ಈಗ ಇವರ ಯಾವ ಮಾತು ನಂಬುದು ಅಂತ ಗೊತ್ತಾಗುದಿಲ್ಲ. ನನಗೆ ಬಿಡುಗಡೆ ಬೇಕು. ಬಾಪ ನನ್ನನ್ನೇ ಬೈತಾರೆ, ಅಷ್ಟು ದೊಡ್ಡ ಹುದ್ದೆಯವನ ಮೇಲೆ ಇಲ್ಲದ್ದು ಹೇಳ್ತಿ ಅಂತ. ನೀವೇ ಅವರಿಗೆ ಹೇಳಿ.”

ನಾನು ಸ್ಪೀಕರ್ ಹಾಕಿದ್ದೆ; ಎದುರಿನ ಮಂಚದಲ್ಲಿ ಗೆಳೆಯ ಎಲ್ಲ ಕೇಳಿಸಿಕೊಂಡಿದ್ದ. ಎದ್ದು ಬಂದು ನನ್ನ ಕೈ ಹಿಡಿದುಕೊಂಡ. “ಹೇಳ್ಬೇಡ ಮಾರಾಯ. ನೀನು ಹೇಳಿದ್ರೆ ಅವಳು ಹೋದಳು ಅಂತಲೇ ಲೆಕ್ಕ.” ನನಗೆ ಅವನ ಮುಖ ನೋಡಲಾಗಲಿಲ್ಲ. ಕೈ ಬಿಡಿಸಿಕೊಂಡು ಹೊರಗೆ ಮೆಟ್ಟಿಲಿಗೆ ಹೋಗಿ ಮಾಸ್ಟ್ರಿಗೆ ಫೋನು ಹಚ್ಚಿದೆ. ಆಮಿಲ್ ಎಂದರೇನು, ನಾನು ಏನು ಮಾಡಿದೆ, ಎಲ್ಲವನ್ನೂ ಹೇಳಿದೆ.

ಮಾಸ್ಟ್ರು ಕೊನೆಯವರೆಗೂ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು:

“ಅವನ ಮನೆಯವರ ಮಾತು ನಾನು ಆಗಲೂ ಪೂರ್ತಿ ನಂಬಿರಲಿಲ್ಲ. ನಿಮ್ಮ ಮಾತು ಕೇಳಿಯೇ ನಾನು ಮಗಳನ್ನು ಕೊಟ್ಟದ್ದು.”