ಮನೆ ಬಿಟ್ಟು ಬಂದವರ ಗೌರಾಬಾಯಿ

ಬೆಳಗಿನ ಐದೂವರೆ. ನಿಪ್ಪಾಣಿ ಬಸ್ ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಗೌರಾಬಾಯಿ ನೀರು ಚಿಮುಕಿಸಿ ಕಸ ಗುಡಿಸುತ್ತಿದ್ದಾರೆ. ಕೈ ಕಸಬರಿಗೆಯ ಮೇಲಿದ್ದರೂ ಕಣ್ಣು ಬೆಂಚುಗಳ ಮೇಲೆ. ಚೀಲವಿಲ್ಲದೆ ಒಂಟಿಯಾಗಿ ಕುಳಿತ ಹುಡುಗಿ ಕಂಡರೆ ಹತ್ತಿರ ಹೋಗಿ, "ಚಾ ಕುಡೀತಿಯೇನವ್ವಾ?" ಎನ್ನುತ್ತಾರೆ. ಯಾವ ಊರು ಎಂದು ಮೊದಲೇ ಕೇಳುವುದಿಲ್ಲ.

ಗೌರಾಬಾಯಿಗೆ ಈಗ ಐವತ್ತೇಳು. ಗಂಡ ತೀರಿಕೊಂಡ ಮೇಲೆ ತಂಬಾಕು ತುಂಬಿಡುವ ವಖಾರಿಯಲ್ಲಿ ದುಡಿದು, ಕೆಮ್ಮು ಹತ್ತಿ ಅದನ್ನು ಬಿಟ್ಟು, 1979ರಲ್ಲಿ ಇಲ್ಲಿಗೆ ಬಂದರು. ದಿನಕ್ಕೆ ಮೂರು ಸಲ ಕೋಣೆ ತೊಳೆಯಬೇಕು, ಮೂವತ್ತು ಕೊಡ ನೀರು ಹೊರಬೇಕು. ಇದರ ನಡುವೆಯೇ, ಮನೆಯಲ್ಲಿ ಹೇಳದೆ ಬಂದ ನಲವತ್ತೊಂದು ಹುಡುಗಿಯರನ್ನು ಈ ಹದಿನೆಂಟು ವರ್ಷಗಳಲ್ಲಿ ಅವರು ಗುರುತು ಹಿಡಿದು ನಿಲ್ಲಿಸಿಕೊಂಡು, ಮನೆಗೆ ಸುದ್ದಿ ಮುಟ್ಟಿಸಿದ್ದಾರೆ.

"ಈಗ ಹೊರಗ ಎಸ್‌ಟಿಡಿ ಬೂತ್ ಐತಿ. ಆಗ ಎಲ್ಲಿತ್ರಿ? ರಾಯಬಾಗ, ಅಥಣಿ ಕಂಡಕ್ಟರ್ ಕೈಯಾಗ ಚೀಟಿ ಕೊಡತಿದ್ದೆ. ಪಾಪ, ಹುಡುಗ್ಯಾರ ಮನೀಮಟ ಹೋಗಿ ಮುಟ್ಟಸ್ತಿದ್ರು. ಅಂಥಾ ಮಂದಿ ಇದ್ರು."

1986ರ ಮಾರ್ಚ್ ನೆನೆಯುವಾಗ ಮಾತ್ರ ಅವರ ದನಿ ತಗ್ಗುತ್ತದೆ. ಶಿರಗುಪ್ಪಿ ಕಡೆಯ ಹದಿನಾರರ ಹುಡುಗಿ ಶೇವಂತಾ ಬೆಂಚಿನ ಮೇಲೆ ಅಳುತ್ತ ಕುಳಿತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಂಟು ದಿನ ಇರುವಾಗ ಮನೆಯವರು ಮದುವೆ ಗೊತ್ತುಮಾಡಿದ್ದರು. ಗೌರಾಬಾಯಿ ಅವಳನ್ನು ಠಾಣೆಗೆ ಕರೆದೊಯ್ದು ಹೆಸರು ಬರೆಸಿ, ಪೊಲೀಸರು ಒಪ್ಪಿದ ಮೇಲೆಯೇ ತಮ್ಮ ಮನೆಯಲ್ಲಿ ಇರಿಸಿಕೊಂಡರು.

ಸುದ್ದಿ ತಿಳಿದು ಮರುದಿನ ಬಂದ ತಂದೆ ಆಬಾಸಾಹೇಬರು ಠಾಣೆಯಲ್ಲಿ ಗುಡುಗಿದರು. "ನನ್ನ ಮಗಳನ್ನ ಈಕಿನ ಹಾರಿಸಿಕೊಂಡು ಬಂದಾಳ. ಕೇಸ್ ಹಾಕ್ರಿ ಈಕಿ ಮ್ಯಾಲ."

"ಕೇಸ್ ಆಗಿ ಕೆಲಸಾ ಹೋದ್ರ ತಿನ್ನಾಕ ಏನೈತ್ರಿ?" ಎನ್ನುತ್ತಾರೆ ಗೌರಾಬಾಯಿ.

ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಚಿಕ್ಕೋಡಿಯ ವಕೀಲ ಶಾಂತಿನಾಥ ಅವರೇ ಬಿಡಿಸಿ ಹೇಳಿದರು. ಹದಿನೆಂಟು ತುಂಬದ ಹುಡುಗಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಅಪಹರಣದ ಕೇಸು, ನಿಜ. ಆದರೆ ಈಕೆ ಕರೆದೊಯ್ದಿಲ್ಲ. ತಾನಾಗಿ ಬಂದವಳನ್ನು ಠಾಣೆಗೆ ಮುಟ್ಟಿಸಿದ್ದಾರೆ. ಮನೆ ಬಿಟ್ಟು ಬಂದ ಮಾತ್ರಕ್ಕೆ ಹುಡುಗಿಯೂ ಅಪರಾಧಿಯಲ್ಲ. ಕಾನೂನಿಗೆ ವಿರುದ್ಧವಾದದ್ದು ಈ ವಯಸ್ಸಿನಲ್ಲಿ ಅವಳ ಮದುವೆ ಮಾಡುವುದು.

ಗೌರಾಬಾಯಿಯ ಜೊತೆ ಠಾಣೆಗೆ ಬಂದಿದ್ದ ಶೇವಂತಾ ನೆಲ ನೋಡುತ್ತಲೇ, "ಪರೀಕ್ಷಾ ಬರಿಯಾಕ ಬಿಟ್ರ ಈಗ ಬರ್ತೀನಪ್ಪಾ" ಎಂದಳು.

"ನಡಿ," ಎಂದರು ತಂದೆ. ಬಾಗಿಲ ತನಕ ಹೋದವರು ತಿರುಗಿ ನಿಂತು, "ತಪ್ಪಾತ್ರಿ, ಅಕ್ಕಾರ" ಎಂದರಂತೆ.

ಶೇವಂತಾ ಈಗ ಉಗಾರ ಖುರ್ದದಲ್ಲಿ ಶಾಲಾ ಶಿಕ್ಷಕಿ. "ಆಕೀ ಲಗ್ನ ಆರು ವರ್ಷ ಬಿಟ್ಟು ಆತ್ರಿ. ಕರಿಯಾಕ ಅಪ್ಪನ ಬಂದಿದ್ದ, ಈ ಕೋಣಿಮಟ," ಎನ್ನುವಾಗ ಗೌರಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ.

"ನನ್ನ ಜಾಗಾಕ ಬರಾಕಿ ಹುಡುಗ್ಯಾರನ್ನ ಬೈಬಾರದ್ರಿ, ಅಷ್ಟ. ಬೈದ್ರ ಅವರು ಮನಿಗೆ ಹೋಗಂಗಿಲ್ಲ. ಮುಂದಿನ ಊರಿಗೆ ಹೋಗ್ತಾರ."