ಸುಟ್ಟ ಎರಡು ಮನೆಗಳ ಫೋಟೋ

ನಮ್ಮ ಮಾಮಾ ಅವರ ಎಡ ಹೆಗಲು ಬಲ ಹೆಗಲಿಗಿಂತ ಕೆಳಗೆ ಇಳಿದಿತ್ತು. ಕಟ್ಟಿಗೆಯ ಕ್ಯಾಮೆರಾ ಪೆಟ್ಟಿಗೆ, ಗಾಜಿನ ಪ್ಲೇಟುಗಳ ಚೀಲ ಎರಡನ್ನೂ ಅದೇ ಹೆಗಲಿಗೆ ಹಾಕಿಕೊಂಡು ವರ್ಷಾನುಗಟ್ಟಲೆ ತಿರುಗಿದ್ದರಿಂದ ಅಲ್ಲಿ ಕುಳಿ ಬಿದ್ದು, ಚರ್ಮ ಎತ್ತಿನ ಹೆಗಲಿನಂತೆ ದಡ್ಡುಗಟ್ಟಿತ್ತು. ಶೆರವಾನಿ ಹೊಲಿಯುವಾಗ ಹಿಂದಿನ ಓಣಿಯ ದರ್ಜಿ ಚಾಚಾ ಎಡಗಡೆ ಮಾತ್ರ ಒಳಗೆ ಇನ್ನೊಂದು ಪದರ ಬಟ್ಟೆ ಕೊಡುತ್ತಿದ್ದರು. ನೋಡುವವರಿಗೆ ಎರಡೂ ಹೆಗಲು ಸಮ ಕಾಣಬೇಕು ಎಂಬುದು ಅವರ ಹಟ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಮನ್ನಳ್ಳಿಯಲ್ಲಿ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಬೀದರಿಗೆ ಬಂದು ಫೋಟೋ ತೆಗೆಯುವುದನ್ನು ಕಲಿತವರು. ಹೊಟ್ಟೆಪಾಡಿಗೆ ಮದುವೆಯ ಜೋಡಿಗಳ, ಕಚೇರಿಯ ಅಧಿಕಾರಿಗಳ ಫೋಟೋ ತೆಗೆಯುತ್ತಿದ್ದರು. ಅವರ ಜೀವ ಇದ್ದದ್ದು ಕಟ್ಟಡಗಳಲ್ಲಿ. ನಿಜಾಮರ ಕಾಲದಲ್ಲಿ ಶುಕ್ರವಾರ ಸೂಟಿ. ಆ ದಿನ ಚಾಚಾ ನಮಾಜು ಮುಗಿಸಿ ಬಂದ ಕೂಡಲೇ ಇಬ್ಬರೂ ಹೊರಡುತ್ತಿದ್ದರು. ಕೋಟೆಯ ಒಳಗಿನ ಮಹಲುಗಳು, ಹಳೆಯ ಮದರಸಾ, ಅಷ್ಟೂರಿನ ಗುಮ್ಮಟಗಳು, ಯಾರೂ ಹೆಸರು ಹೇಳಲಾಗದ ಬಾವಿಗಳು. ಕಮಾನು ಎಷ್ಟು ಎತ್ತರ ಎಂದು ಫೋಟೋದಲ್ಲಿ ತಿಳಿಯಲಿ ಎಂದು ಮಾಮಾ ಚಾಚಾ ಅವರನ್ನು ಅದರ ಕೆಳಗೆ ನಿಲ್ಲಿಸುತ್ತಿದ್ದರು. ಪ್ಲೇಟಿನಲ್ಲಿ ಅವರು ಜೋಳದ ಕಾಳಿನಷ್ಟು ಕಾಣುತ್ತಿದ್ದರು.

ಜನ ಇರುವ ಮನೆಯಾದರೆ ಮಾಮಾ ಮೊದಲು ಬಾಗಿಲಿಗೆ ಹೋಗಿ ಮನೆಯವರನ್ನು ಕೇಳುತ್ತಿದ್ದರು. ಆ ಮನೆ ಯಾರು ಕಟ್ಟಿಸಿದ್ದು, ತೊಲೆ ಎಲ್ಲಿಂದ ತಂದದ್ದು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಎಲ್ಲವನ್ನೂ ಕೇಳಿಸಿಕೊಂಡ ಮೇಲೆಯೇ ಸ್ಟ್ಯಾಂಡು ಬಿಚ್ಚುವುದು. ಭಾಲ್ಕಿಯ ಒಂದು ವಾಡೆಯಲ್ಲಿ ಹಾಗೆ ಕತೆ ಕೇಳುತ್ತ ಕೂತು ಬಿಸಿಲು ಇಳಿದುಹೋಗಿ, ಫೋಟೋ ತೆಗೆಯದೆಯೇ ರೈಲು ಹತ್ತಿ ಬಂದಿದ್ದರು. ಅಕ್ಕ ಬಯ್ದಳು. ಇವರಿಗೆ ಅದರ ಖಬರೇ ಇರಲಿಲ್ಲ. ಊಟಕ್ಕೆ ಕೂತವರು ಆ ವಾಡೆಯ ಮುದುಕಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ನನ್ನನ್ನು ಔರಾದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ನಮ್ಮ ಯಜಮಾನರು ನಿಜಾಮರ ವಿರುದ್ಧದ ಚಳವಳಿಯಲ್ಲಿ ಸೇರಿ, ಗಡಿಯಾಚೆಯ ಶಿಬಿರಕ್ಕೆ ಹೋಗಿಬಿಟ್ಟಿದ್ದರು. ಅದು ಗೊತ್ತಾಗಿ ಒಂದು ದಿನ ನಿಜಾಮರ ಪರ ಬಂದೂಕು ಹಿಡಿದ ರಜಾಕಾರರು ಬಂದರು. ಮಾವನವರನ್ನು ಅಂಗಳದಲ್ಲೇ ಗುಂಡಿಟ್ಟು ಕೊಂದರು. ಮನೆಗೆ ಬೆಂಕಿ ಹಚ್ಚಿದರು. ನಾನೂ ಅತ್ತೆಯೂ ಹಿತ್ತಲ ಕಡೆಯಿಂದ ಓಡಿ, ಜೋಳದ ಹೊಲದಲ್ಲಿ ಕೂತು, ನಮ್ಮ ಮಾಳಿಗೆ ಕುಸಿಯುವ ಸಪ್ಪಳ ಕೇಳಿದೆವು. ಉಟ್ಟ ಸೀರೆಯಲ್ಲಿ ಬೀದರಿಗೆ ಬಂದು ಅಕ್ಕನ ಮನೆ ಸೇರಿದೆವು.

ಮಾಮಾ ನಮಗೆ ಸಮಾಧಾನದ ಮಾತು ಹೇಳಲಿಲ್ಲ. ಅಂಥ ಮಾತು ಅವರಿಗೆ ಬರುತ್ತಲೂ ಇರಲಿಲ್ಲ. ಕೆಲವು ದಿನ ಬಿಟ್ಟು ಅತ್ತೆಯ ಮುಂದೆ ಬಂದು ಕೂತರು.

“ಅವ್ವಾರ, ನಿಮ್ಮ ಮನಿ ಫೋಟೋ ತೆಗಿಲೇನ್ರಿ?”

“ಸುಟ್ಟ ಮನಿದು ಯಾಕೋ ಅಪ್ಪಾ?”

“ನಾಳಿ ಅಲ್ಲಿ ಮನೀನೇ ಇದ್ದಿದ್ದಿಲ್ಲ ಅಂತಾರ್ರೀ. ಅದಕ್ಕ.”

ಅತ್ತೆ ಹೂಂ ಎಂದರು. ಆ ದಿನಗಳಲ್ಲಿ ಆ ದಾರಿಯಲ್ಲಿ ಹೋಗುವುದೆಂದರೆ ಜೀವದ ಆಸೆ ಬಿಟ್ಟ ಹಾಗೆ. ದರ್ಜಿ ಚಾಚಾ ತಾವಾಗಿಯೇ ಜೊತೆಗೆ ಹೊರಟರು. ತಿರುಗಿ ಬರುವಾಗ ನಾಕಾದಲ್ಲಿ ಬಂದೂಕಿನವರು ಗಾಡಿ ನಿಲ್ಲಿಸಿದಾಗ, ಇವೆಲ್ಲ ದರ್ಗಾದ ಫೋಟೋಗಳು, ಪೆಟ್ಟಿಗೆ ತೆರೆದರೆ ಬೆಳಕು ಬಿದ್ದು ಹಾಳಾಗುತ್ತವೆ ಎಂದು ಚಾಚಾ ಹೇಳಿದ್ದಕ್ಕೇ ಪ್ಲೇಟುಗಳು ಉಳಿದವು. ಆ ಫೋಟೋದಲ್ಲಿ ಬಾಗಿಲ ಚೌಕಟ್ಟು ಒಂದೇ ನಿಂತಿತ್ತು. ಅದರೊಳಗಿಂದ ಆಕಾಶ ಕಾಣುತ್ತಿತ್ತು. ಅತ್ತೆ ಅದನ್ನು ನೋಡಿ, ಮಡಚಿದ ಸೀರೆಯ ಕೆಳಗೆ ಇಟ್ಟುಕೊಂಡರು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ಹಿಂದುಸ್ತಾನದ ಫೌಜು ಬಂತು, ನಿಜಾಮರು ಶರಣಾದರು ಎಂಬ ಸುದ್ದಿ ಹಬ್ಬಿತು. ನಮ್ಮ ಓಣಿಯಲ್ಲಿ ಬೆಲ್ಲ ಹಂಚಿದರು. ಬೆಲ್ಲ ಹಂಚಿದ ಮೇಲೆ ಬೇರೆಯದು ಶುರುವಾಯಿತು. ರಜಾಕಾರರಾಗಿದ್ದವರು ಆಗಲೇ ಹೈದರಾಬಾದಿನ ಕಡೆ ಓಡಿಹೋಗಿದ್ದರು. ಎಲ್ಲಿಗೆ ಓಡಬೇಕೆಂದು ತಿಳಿಯದವರು, ಯಾರ ತಂಟೆಗೂ ಹೋಗದ ಮುಸಲ್ಮಾನರು ಉಳಿದಿದ್ದರು. ಸೇಡು ಅವರ ಮೇಲೆ ಬಿತ್ತು.

ಚಾಚಾ ತಮ್ಮ ಹೆಂಡತಿ, ಮಗಳನ್ನು ತಂದು ಮಾಮಾ ಅವರ ಕೈಗೆ ಒಪ್ಪಿಸಿದರು. ಮನೆ ಬಿಟ್ಟು ಬರಲೊಲ್ಲೆ ಎಂದು ಅವರ ಮುದಿತಾಯಿ ಹಟ ಹಿಡಿದಿದ್ದರಂತೆ. ಅವರನ್ನು ಎತ್ತಿಕೊಂಡಾದರೂ ಬರುತ್ತೇನೆ ಎಂದು ಚಾಚಾ ತಿರುಗಿ ಹೋದರು. ಮಾಮಾ ತಾಯಿ ಮಗಳಿಬ್ಬರನ್ನೂ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದರು. ಚಾಚಾ ಬರಲಿಲ್ಲ.

ಮಧ್ಯಾಹ್ನ ಏಳೆಂಟು ಮಂದಿ ನಮ್ಮ ಮನೆಗೆ ನುಗ್ಗಿದರು. ಕೈಯಲ್ಲಿ ಕೊಡಲಿ, ಬಡಿಗೆ. ಒಂದಿಬ್ಬರು ಪರಿಚಯದವರು. ದರ್ಜಿಯ ಹೆಂಡತಿ ಇಲ್ಲಿ ಬಂದದ್ದನ್ನು ಯಾರೋ ನೋಡಿದ್ದಾರೆ, ಆ ಕೋಣೆ ತೆಗೆಯಿರಿ ಎಂದರು. ಮಾಮಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತದೆ ಹೇಳಿದರು:

“ನನ್ನ ಸುಟ್ಟ ಮನಿ ಫೋಟೋ ಅದಾವ ಒಳಗ, ತೊಳೀಲಾಕ ಹಾಕ್ಯಾನ. ಬಾಗ್ಲಾ ತೆಗದ್ರ ಬೆಳಕ ಬಿದ್ದು ಹೋಗ್ತಾವ. ಅದೊಂದೇ ಉಳದದ ನನಗ. ಅದನ್ನೂ ನೀವು ಒಯ್ತೀರೇನಪ್ಪಾ?”

ಔರಾದ ಕಡೆ ಏನಾಯಿತೆಂದು ಬಂದವರಿಗೆ ಗೊತ್ತಿತ್ತು. ಅತ್ತೆಯ ಬರಿ ಹಣೆ ನೋಡಿದರು. ಹಾಗೇ ಹಿಂದಕ್ಕೆ ಸರಿದು ಹೋದರು.

ಅವತ್ತು ಅತ್ತೆಯೇ ರೊಟ್ಟಿ ಬಡಿದು, ಬಾಗಿಲ ಸಂದಿಯಿಂದ ಒಳಗೆ ಕೊಟ್ಟರು. ಒಳಗೆ ಕೂತವರ ಮುಖ ನೋಡಲಿಲ್ಲ. ಅಕ್ಕನಿಗೆ ಮೆಲ್ಲಗೆ ಹೇಳಿದರು: “ಅವರ ಮಾರಿ ನೋಡಾಕ ನನ್ನ ಕೈಲಿ ಆಗಂಗಿಲ್ಲ. ಹಸಿವಿ ಅಷ್ಟ ತಿಳೀತದ.”

ಗಲಾಟೆ ತಣ್ಣಗಾದ ಮೇಲೆ ಮಾಮಾ ಹಿಂದಿನ ಓಣಿಗೆ ಹೋಗಿ ನೋಡಿ ಬಂದರು. ಚಾಚಾ, ಅವರ ತಾಯಿ ಇಬ್ಬರೂ ಬಾಗಿಲಲ್ಲೇ ಸತ್ತಿದ್ದರು. ಮನೆ ಸುಟ್ಟುಹೋಗಿತ್ತು. ಮಣ್ಣು ಮಾಡಿ ಬಂದ ಮರುದಿನ ಮಾಮಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಆ ಮನೆಗೆ ಹೊರಟರು. ಅಷ್ಟರಲ್ಲಿ ನಮ್ಮ ಯಜಮಾನರು ಶಿಬಿರದಿಂದ ಬಂದಿದ್ದರು. ಆ ಸೇಡಿನಲ್ಲಿ ಅವರ ಕೈ ಇರಲಿಲ್ಲ. ಆದರೆ ಅದರ ಬಗ್ಗೆ ಅವರಿಗೆ ದುಃಖವೂ ಇರಲಿಲ್ಲ. ಅಪ್ಪನ ಸುದ್ದಿ ಕೇಳಿದ ಮೇಲೆ ಅವರ ಮುಖ ಕಲ್ಲಾಗಿತ್ತು. ಮಾಮಾ ಅವರ ಹಿಂದೆಯೇ ಯಜಮಾನರು ಗೆಳೆಯರೊಂದಿಗೆ ಹೋದರು. ನನಗೆ ಹೆದರಿಕೆಯಾಗಿ ನಾನೂ ಹೋದೆ.

“ಈ ಮನಿ ಫೋಟೋ ತೆಗದು ಯಾರಿಗೆ ತೋರಸ್ತೀರಿ?” ಎಂದರು ಯಜಮಾನರು.

“ನಿಮ್ಮ ಮನಿ ತೋರಸ್ದವರಿಗೇ ತೋರಸ್ತೇನಿ.”

“ಎರಡೂ ಒಂದೇ ಏನ್ರಿ?”

ಮಾಮಾ ತಿರುಗಿ ಆ ಮನೆಯನ್ನು ನೋಡಿದರು. “ಬೂದಿ ನೋಡ್ರಿ,” ಎಂದರು. “ನನಗಂತೂ ಯಾರ್ದಂತ ಗುರ್ತ ಹತ್ತವಲ್ದು.”

ಗೆಳೆಯರಲ್ಲೊಬ್ಬ ಸ್ಟ್ಯಾಂಡಿಗೆ ಒದ್ದ. ಅದರ ಒಂದು ಕಾಲು ಲಟ್ಟನೆ ಮುರಿಯಿತು. ಕ್ಯಾಮೆರಾ ನೆಲಕ್ಕೆ ಬೀಳುವ ಮೊದಲೇ ಮಾಮಾ ಎದೆಗವಚಿಕೊಂಡರು. ಜಗಳ ಆಡಲಿಲ್ಲ. ಕುಸಿದ ಗೋಡೆಯ ಕೆಂಪು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರು. ತಲೆಯ ಮೇಲೆ ಹೊದ್ದುಕೊಳ್ಳುವ ಕರಿ ಬಟ್ಟೆ ದೂರ ಬಿದ್ದಿತ್ತು. ನಾನು ಹೋಗಿ ಎತ್ತಿ, ಧೂಳು ಜಾಡಿಸಿ, ಗಂಡನ ಎದುರಿಗೇ ಮಾಮಾ ಅವರ ಕೈಗೆ ಕೊಟ್ಟೆ. ಯಜಮಾನರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಆ ಸುಗ್ಗಿ ಮುಗಿಯುವವರೆಗೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ಮಾಮಾ ಅವರ ಮನೆಯ ಹೊಸ್ತಿಲನ್ನಂತೂ ಮುಂದೆ ಎಂದೂ ತುಳಿಯಲಿಲ್ಲ.

ಊರೂ ಮಾಮಾ ಅವರನ್ನು ದೂರ ಇಟ್ಟಿತು. ಫೋಟೋಕ್ಕೆ ಬರುವವರು ಬೇರೆ ಅಂಗಡಿ ಹುಡುಕಿಕೊಂಡರು.

ಚಾಚಾ ಅವರ ಹೆಂಡತಿ ಹೈದರಾಬಾದಿನ ತಮ್ಮನ ಮನೆಗೆ ಹೊರಟ ದಿನ ಮಾಮಾ ಆ ಮನೆಯ ಫೋಟೋ ಕೊಡಲು ಹೋದರು. ಆಕೆ ಕೈ ಚಾಚಲಿಲ್ಲ.

“ಇದನ್ನ ಎಲ್ಲಿ ಇಡ್ಲಿ ಭಾಯಿ? ಇವರದೊಂದು ಫೋಟೋ ಇದ್ರ ಕೊಡ್ರಿ. ಮಗಳು ಮಾರಿ ಮರೀತಾಳ.”

ಮಾಮಾ ಎಲ್ಲ ಪ್ಲೇಟುಗಳನ್ನು ಹೊರಗೆ ತೆಗೆದರು. ಅಷ್ಟು ವರ್ಷ ಜೊತೆಗೆ ತಿರುಗಿದ ಮನುಷ್ಯನ ಮುಖ ಒಂದರಲ್ಲೂ ಇರಲಿಲ್ಲ. ಗುಮ್ಮಟ ಇತ್ತು, ಕಮಾನು ಇತ್ತು. ಕೆಳಗೆ ಒಂದು ಕಾಳು. ಆಕೆಯ ಪ್ರಯಾಣ ನಿಲ್ಲಿಸಿ, ಮದರಸಾದ ಬಾಗಿಲಲ್ಲಿ ಚಾಚಾ ನಿಂತಿದ್ದ ಪ್ಲೇಟನ್ನು ಆರಿಸಿ, ಆ ಕಾಳನ್ನು ಕಾಗದದ ಮೇಲೆ ದೊಡ್ಡದು ಮಾಡಲು ಕೂತರು. ಮತ್ತೆ ಮತ್ತೆ ಮಾಡಿದರು. ಎಷ್ಟು ದೊಡ್ಡದಾದರೂ ಮುಖದ ಜಾಗದಲ್ಲಿ ಬೂದಿ ಬಳಿದ ಹಾಗೆ ಒಂದು ಕಲೆ. ಕಡೆಗೆ ಅದನ್ನೇ ಕೊಟ್ಟರು. ಮಗಳು ಇಣುಕಿ, “ಯೇ ಅಬ್ಬಾ ಹೈಂ ಕ್ಯಾ?” ಎಂದು ತಾಯಿಯನ್ನು ಕೇಳಿತು. ತಾಯಿ, ಅಪ್ಪನೇ ಹೌದೆಂದು ತಲೆಯಾಡಿಸಿ, ಓಢಣಿಯಲ್ಲಿ ಸುತ್ತಿಕೊಂಡರು. ಅವರು ಹೋದ ಮೇಲೆ ಮಾಮಾ ಗೋಡೆಗೆ ಮುಖ ಮಾಡಿ ಕೂತು ಅತ್ತದ್ದನ್ನು ಅಕ್ಕ ನನಗೆ ಹೇಳಿದಳು.

ಕಟ್ಟಡಗಳ ಫೋಟೋ ತೆಗೆಯುವುದನ್ನು ಅವರು ಬಿಡಲಿಲ್ಲ. ಸ್ಟ್ಯಾಂಡಿನ ಮುರಿದ ಕಾಲಿಗೆ ಪಟ್ಟಿ ಬಡಿಸಿಕೊಂಡು ಭಾಲ್ಕಿ, ಔರಾದ ಎಂದು ಮತ್ತೆ ತಿರುಗಿದರು. ಆದರೆ ಈಗ ಮನೆ ಮಂದಿಯನ್ನೆಲ್ಲ ಹೊರಗೆ ಕರೆಸಿ ಮುಂದೆ ನಿಲ್ಲಿಸುತ್ತಿದ್ದರು. ಇನ್ನೂ ಮುಂದ ಬರ್ರಿ, ಇನ್ನೂ ಮುಂದ, ಎನ್ನುವುದು ಅವರ ಬಾಯಿಗೆ ಅಂಟಿಹೋಯಿತು. ಜನ ಅಷ್ಟು ಹತ್ತಿರ ಬಂದು ನಿಂತರೆ ಹಿಂದೆ ಮನೆಯೇ ಕಾಣುತ್ತಿರಲಿಲ್ಲ. ಒಂದು ಬಾಗಿಲ ಮೂಲೆ, ಒಂದು ಗೂಡು, ಅಷ್ಟೇ. ಹಾಗೆ ತೆಗೆದ ಒಂದರಲ್ಲಿ ನಮ್ಮ ಅತ್ತೆ ಇದ್ದಾರೆ. ಕ್ಯಾಮೆರಾವನ್ನು ಗದರಿಸುವಂತೆ ನೋಡುತ್ತಿದ್ದಾರೆ.

ಹೈದರಾಬಾದ ರಾಜ್ಯ ಒಡೆದು ಹಂಚಿಹೋಗುವ ಮಾತು ನಡೆದಿದ್ದಾಗ ಮಾಮಾ ಎದೆಬೇನೆಯಿಂದ ಹಾಸಿಗೆ ಹಿಡಿದರು. ಹೆಚ್ಚು ದಿನ ನರಳಲಿಲ್ಲ. ಮಣ್ಣಿಗೆ ಬಂದವರು ಕಡಿಮೆ. ಬಂದವರಲ್ಲಿ ಅರ್ಧಕ್ಕರ್ಧ ಜನ ದೂರದ ಹಳ್ಳಿಯವರು. ಎಂದೋ ಒಮ್ಮೆ ತಮ್ಮ ಮನೆಯ ಮುಂದೆ ಅವರ ಕ್ಯಾಮೆರಾಕ್ಕೆ ನಿಂತವರು. ನಮ್ಮ ಯಜಮಾನರು ಬರಲಿಲ್ಲ.

ನನ್ನ ಮಕ್ಕಳು ಆಗ ಸಣ್ಣವು. ನಮ್ಮ ಮನೆ ಸುಟ್ಟ ಕತೆಯನ್ನು ಅವು ಆಗಾಗ ಕೇಳುತ್ತಿದ್ದವು. ನಾನು ಅದನ್ನು ಹೇಳಿ, ಅದರ ಬೆನ್ನಿಗೇ ದರ್ಜಿ ಚಾಚಾ ಅವರ ಮನೆ ಸುಟ್ಟದ್ದನ್ನೂ ಹೇಳುತ್ತಿದ್ದೆ. ಮಾಮಾ ಅವರನ್ನು ಕಂಡಿದ್ದ ನನಗೆ ಒಂದನ್ನೇ ಹೇಳಿ ನಿಲ್ಲಿಸಲು ಬಾಯಿ ಬರುತ್ತಿರಲಿಲ್ಲ. ಎರಡನೆಯದು ಶುರುವಾದ ಕೂಡಲೇ ಯಜಮಾನರು ಪ್ರತಿ ಸಲ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮಾಮಾ ತೀರಿಕೊಂಡ ವರ್ಷ, ಒಂದು ಸಂಜೆ, ಮಕ್ಕಳು ಮತ್ತೆ ಕೇಳಿದವು. ನಾನು ನಮ್ಮ ಮನೆಯದು ಮುಗಿಸಿ, ಅವರು ಏಳಲಿ ಎಂದು ಕ್ಷಣ ಹೊತ್ತು ತಡೆದೆ. ಅವರು ಏಳಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, “ಹೇಳು,” ಎಂದರು.